ಗಾಳದ ಹಳೆಯ ರೀಲು

ಪ್ರವೇಶ : ಹಳೆಯದೆಂದು ಮೂಲೆಗೆ ಸರಿಸಿದ ಅನೇಕ ವಸ್ತುಗಳು, ತಿಳಿದು ಬಳಸಿದರೆ ಇಂದಿಗೂ ಕೆಲಸಕ್ಕೆ ಬರುತ್ತವೆ. ಮೀನು ಹಿಡಿಯುವ ಗಾಳದ ರೀಲು ಅಂಥದೊಂದು ಸಾಧನ. ಅದು ಹೇಗೆ ಹುಟ್ಟಿತು, ಹೇಗೆ ಕೆಲಸ ಮಾಡುತ್ತದೆ, ಹಳೆಯ ರೀಲನ್ನು ಇಂದು ಬಳಸುವವರಿಗೆ ಯಾವ ಎಚ್ಚರ ಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಜತ್ತ ತಾಲೂಕು ಮಳೆ ಕಡಿಮೆ ಬೀಳುವ ಸೀಮೆ. ಇಲ್ಲಿ ಕೆರೆ ತುಂಬಿತೆಂದರೆ ಊರಿಗೆ ಹಬ್ಬ. ಸಂಖದ ಕೆರೆಯಂಥ ಕಡೆ ನೀರು ನಿಂತ ವರ್ಷ, ಮ್ಹೈಸಾಳ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಹರಿದು ಬಂದ ವರ್ಷ, ದಂಡೆಯ ಮೇಲೆ ಗಾಳ ಹಿಡಿದು ಕುಳಿತವರು ಕಾಣಿಸುತ್ತಾರೆ. ಕೆಲವರ ಕೈಯಲ್ಲಿ ಬರಿಯ ಬಿದಿರುಕೋಲು. ಕೆಲವರ ಕೈಯಲ್ಲಿ ರೀಲು ಜೋಡಿಸಿದ ಕೋಲು. ಅಜ್ಜನೋ ದೊಡ್ಡಪ್ಪನೋ ಬಳಸಿ ಬಿಟ್ಟ ರೀಲು ಯಾರದಾದರೂ ಮನೆಯ ಪೆಟ್ಟಿಗೆಯ ತಳದಲ್ಲಿ ಸಿಗುವುದೂ ಉಂಟು. ಹಿಡಿಕೆ ತಿರುಗಿಸಿದರೆ ಅದು ಕರಕರ ಎನ್ನುತ್ತದೆ. ಇದನ್ನು ಇಂದಿಗೂ ಬಳಸಬಹುದೆ? ಉತ್ತರ ಹೇಳುವ ಮೊದಲು ಅದರ ಹುಟ್ಟನ್ನು ತಿಳಿಯಬೇಕು.

ಗಾಳ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಅವನ್ನು ಹಿಡಿಯುವ ಕ್ರಮ ಇವೆಲ್ಲ ಅದರಲ್ಲಿ ಬಂದಿವೆ.

ಕೋಲಿನ ತುದಿಗೆ ದಾರ ಕಟ್ಟಿ ಗಾಳ ಹಾಕಿದರೆ ಕೋಲು ಮತ್ತು ದಾರ ಚಾಚುವಷ್ಟು ದೂರಕ್ಕೆ ಮಾತ್ರ ಅದು ಹೋಗುತ್ತದೆ. ದೂರದ ನೀರನ್ನು ಮುಟ್ಟಬೇಕಾದರೆ ಉದ್ದ ದಾರ ಬೇಕು. ಅದನ್ನು ಸುತ್ತಿಡಲು ರೀಲು ಬೇಕು. ಮೊದಲಿನ ರೀಲುಗಳು ಬಾವಿಯ ರಾಟೆಯಂತೆ ತಿರುಗುತ್ತಿದ್ದವು. ಗಾಳವನ್ನು ಎಸೆದಾಗ ದಾರವು ಉರುಳೆಯನ್ನು ತಿರುಗಿಸಿಕೊಂಡೇ ಹೊರಗೆ ಹೋಗಬೇಕಾಗಿತ್ತು. ಇದರಲ್ಲಿ ಎರಡು ತೊಡಕುಗಳಿದ್ದವು. ಹಗುರಾದ ಗಾಳಕ್ಕೆ ಉರುಳೆಯನ್ನು ತಿರುಗಿಸುವ ಬಲವಿರಲಿಲ್ಲ. ಭಾರವಾದ ಗಾಳ ನೀರಿಗೆ ಬಿದ್ದು ನಿಂತರೂ ಉರುಳೆ ಮಾತ್ರ ತಿರುಗುತ್ತಲೇ ಇದ್ದು ದಾರ ಸಿಕ್ಕಾಗುತ್ತಿತ್ತು.

ಈ ತೊಡಕಿಗೆ ಪರಿಹಾರ ಸಿಕ್ಕಿದ್ದು ಹೇಗೆಂದು ತಿಳಿಯಲು ನೀವೇ ಒಂದು ಪ್ರಯೋಗ ಮಾಡಿ ನೋಡಿರಿ. ಹೊಲಿಗೆ ದಾರದ ಒಂದು ಉಂಡೆಯನ್ನು ಪೆನ್ಸಿಲಿಗೆ ಪೋಣಿಸಿ, ದಾರವನ್ನು ಪಕ್ಕದಿಂದ ಎಳೆಯಿರಿ. ಉಂಡೆ ಗರಗರ ತಿರುಗುತ್ತದೆ. ಎಳೆಯುವುದನ್ನು ನಿಲ್ಲಿಸಿದರೂ ತುಸು ಹೊತ್ತು ತಿರುಗುತ್ತದೆ. ಈಗ ಉಂಡೆಯನ್ನು ಮೇಜಿನ ಮೇಲೆ ನಿಲ್ಲಿಸಿ, ದಾರವನ್ನು ಮೇಲ್ತುದಿಯಿಂದ ಎಳೆಯಿರಿ. ಉಂಡೆ ಅಲುಗುವುದಿಲ್ಲ. ದಾರ ಮಾತ್ರ ಸುರುಳಿ ಸುರುಳಿಯಾಗಿ ಜಾರಿ ಬರುತ್ತದೆ. ಎಳೆಯುವುದು ನಿಂತ ಕೂಡಲೇ ದಾರವೂ ನಿಲ್ಲುತ್ತದೆ.

ಸೊಲ್ಲಾಪುರ, ಇಚಲಕರಂಜಿಗಳಲ್ಲಿ ಮಗ್ಗ ನೋಡಿದವರಿಗೆ ಇದು ಗೊತ್ತಿರುವ ಸಂಗತಿ. ಲಾಳಿ ಅತ್ತಿಂದಿತ್ತ ಓಡುವಾಗ ಅದರೊಳಗಿನ ಕಂಡಿಕೆ ತಿರುಗುವುದಿಲ್ಲ. ನೂಲು ಅದರ ತುದಿಯಿಂದ ಜಾರಿ ಬರುತ್ತದೆ. ಸ್ಕಾಟ್‌ಲೆಂಡಿನ ಪೀಟರ್ ಮ್ಯಾಲಕ್ ಎಂಬವರು 1884ರಲ್ಲಿ, ಎಸೆಯುವಾಗ ಉರುಳೆಯನ್ನು ಅಡ್ಡ ತಿರುಗಿಸಿ ದಾರವನ್ನು ತುದಿಯಿಂದ ಬಿಡುವ ರೀಲಿಗೆ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿಯ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ನೂಲಿನ ಉದ್ದಿಮೆಯವರು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಾರ ಬಿಡುವಾಗಲೂ ಸುತ್ತುವಾಗಲೂ ಉರುಳೆ ತಿರುಗದಂಥ ರೀಲನ್ನು ರೂಪಿಸಿ 1905ರಲ್ಲಿ ಪೇಟೆಂಟ್ ಪಡೆದರು. ಮಗ್ಗದ ಮನೆಯ ಜ್ಞಾನ ಹೀಗೆ ನೀರಿನ ದಂಡೆಗೆ ಬಂದಿತು.

ಈ ರೀಲಿನಲ್ಲಿ ಉರುಳೆ ಸ್ಥಿರವಾಗಿರುತ್ತದೆ. ಅದರ ಸುತ್ತ ಒಂದು ಬಟ್ಟಲು ತಿರುಗುತ್ತದೆ. ಬಟ್ಟಲಿಗೆ ತಂತಿಯ ಬಳೆಯೊಂದು ಜೋಡಣೆಯಾಗಿರುತ್ತದೆ. ಬಳೆಯನ್ನು ತೆರೆದು ಎಸೆದರೆ ದಾರ ಹೊರಗೆ ಜಾರುತ್ತದೆ. ಹಿಡಿಕೆ ತಿರುಗಿಸಿದರೆ ಬಳೆ ಮುಚ್ಚಿಕೊಂಡು ದಾರವನ್ನು ಹಿಡಿದು ಉರುಳೆಗೆ ಸುತ್ತುತ್ತದೆ. ದಾರ ಒಂದೇ ಕಡೆ ಗುಡ್ಡೆಯಾಗದಂತೆ ಉರುಳೆ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಒಳಗಿನ ಹಲ್ಲುಗಾಲಿಗಳಿಂದಾಗಿ ಹಳೆಯ ರೀಲುಗಳಲ್ಲಿ ಸಾಮಾನ್ಯವಾಗಿ ಹಿಡಿಕೆಯ ಒಂದು ಸುತ್ತಿಗೆ ಬಳೆ ಮೂರರಿಂದ ಐದು ಸುತ್ತು ತಿರುಗುತ್ತದೆ.

ಇಂಥ ರೀಲುಗಳಿಗೆ ಹೆಸರಾದ ಎರಡು ಕಾರ್ಖಾನೆಗಳ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ‘ಮಿಚೆಲ್’ ರೀಲುಗಳು ತಯಾರಾದದ್ದು ಗಡಿಯಾರದ ಕೆಲಸಕ್ಕೆ ಹೆಸರಾದ ಕ್ಲೂಸ್ ಎಂಬ ಊರಿನಲ್ಲಿ. ಸ್ವೀಡನ್ನಿನ ‘ಆಬು’ ಕಂಪನಿ 1921ರಲ್ಲಿ ಆರಂಭವಾದದ್ದೇ ಜೇಬುಗಡಿಯಾರ ಮಾಡಲು. ಆದ್ದರಿಂದಲೇ ಅವುಗಳ ಹಳೆಯ ಲೋಹದ ರೀಲುಗಳನ್ನು ಗಡಿಯಾರದಂತೆ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದು. ಅರ್ಧ ಶತಮಾನ ದಾಟಿದ ರೀಲುಗಳನ್ನು ಇಂದಿಗೂ ಜನ ಬಳಸುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಆದರೆ ಹಳೆಯ ರೀಲನ್ನು ಹಾಗೆಯೇ ಕೋಲಿಗೆ ಕಟ್ಟಿ ಕೆರೆಗೆ ಹೊರಡಬಾರದು. ಏಕೆಂದರೆ ರೀಲಿನ ಒಂದು ಭಾಗದ ಮೇಲೆ ಮೀನಿನ ಜೀವ ನಿಂತಿರುತ್ತದೆ. ಅದಕ್ಕೆ ‘ಡ್ರ್ಯಾಗ್’ ಎನ್ನುತ್ತಾರೆ. ಉರುಳೆಯ ಬಳಿ ಕೆಲವು ವಾಷರುಗಳನ್ನು ಒಂದರ ಮೇಲೊಂದು ಇಟ್ಟು ತಿರುಪಿನಿಂದ ಬಿಗಿದಿರುತ್ತಾರೆ. ದೊಡ್ಡ ಮೀನು ಜೋರಾಗಿ ಎಳೆದಾಗ ಈ ವಾಷರುಗಳು ತುಸು ಜಾರಿ, ಉರುಳೆ ತಿರುಗಿ, ದಾರವನ್ನು ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ಬಿಗಿಯಾಗಿಯೇ ಇಟ್ಟ ರೀಲಿನಲ್ಲಿ ವಾಷರುಗಳು ಅಂಟಿಕೊಂಡಿರಬಹುದು. ಆಗ ಡ್ರ್ಯಾಗ್ ಜಾರುವುದಿಲ್ಲ, ದಾರ ತುಂಡಾಗುತ್ತದೆ. ಹಿಡಿದವನಿಗೆ ಹೋದದ್ದು ಒಂದು ಗಾಳ. ಮೀನು ಮಾತ್ರ ಬಾಯಲ್ಲಿ ಕೊಕ್ಕೆ, ಹಿಂದೆ ಮಾರುಗಟ್ಟಲೆ ದಾರ ಎಳೆದುಕೊಂಡು ಹೋಗುತ್ತದೆ. ಆ ದಾರ ಗಿಡಗಂಟಿಗೆ ಸಿಕ್ಕಿಕೊಂಡರೆ ಅದರ ಬಾಳು ಅಲ್ಲಿಗೆ ಮುಗಿಯಿತು. ಯಂತ್ರದ ತಪ್ಪಿಗೆ ದಂಡ ತೆರುವುದು ಮೀನು.

ಆದ್ದರಿಂದ ಮೊದಲ ಕೆಲಸ ರೀಲನ್ನು ಬಿಚ್ಚಿ ನೋಡುವುದು. ಹಿರಿಯರೊಬ್ಬರು ಜೊತೆಗಿರಲಿ. ಒಂದೊಂದು ಭಾಗ ತೆಗೆದಾಗಲೂ ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಭಾಗಗಳನ್ನು ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ಸೀಮೆಎಣ್ಣೆ ಮತ್ತು ಹಳೆಯ ಬ್ರಷ್‌ನಿಂದ ತೆಗೆಯಬೇಕು. ಹತ್ತಿರ ಬೆಂಕಿ ಇರಬಾರದು. ಚರ್ಮದ, ಬಟ್ಟೆಯ ವಾಷರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಬಾರದು. ಚೆನ್ನಾಗಿ ಆರಿದ ಮೇಲೆ ಹಲ್ಲುಗಾಲಿಗಳಿಗೆ ತೆಳುವಾಗಿ ಗ್ರೀಸು, ಹಿಡಿಕೆಗೆ ಮತ್ತು ದಾರ ಹಾಯುವ ಪುಟ್ಟ ಗಾಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ಬಳೆಯ ಸ್ಪ್ರಿಂಗು ದಣಿದು ಮುರಿಯುವುದು ಹಳೆಯ ರೀಲಿನ ಸಾಮಾನ್ಯ ಕಾಯಿಲೆ. ಬಿಡಿ ಸ್ಪ್ರಿಂಗು ಇಟ್ಟುಕೊಂಡಿರಬೇಕು.

ಎರಡನೆಯ ಕೆಲಸ ತಕ್ಕ ದಾರ ಆರಿಸುವುದು. 1938ರಲ್ಲಿ ಲೋಕಕ್ಕೆ ಪರಿಚಯವಾದ ನೈಲಾನ್ ಮುಂದೆ ಗಾಳದ ದಾರವಾಗಿ ಮನೆಮಾತಾಯಿತು. ಇಂದು ಹೆಣೆದ ಹೊಸ ಬಗೆಯ ದಾರಗಳೂ ಸಿಗುತ್ತವೆ. ಅವು ತೆಳು, ಆದರೆ ಬಹಳ ಗಟ್ಟಿ, ಎಳೆದರೆ ಹಿಗ್ಗುವುದಿಲ್ಲ. ಹಳೆಯ ರೀಲಿನ ಮೃದುವಾದ ಗಾಲಿಯ ಮೇಲೆ ಅವು ಗೀರು ಬೀಳಿಸುತ್ತವೆ. ಮೀನಿನ ಜಗ್ಗಾಟವೆಲ್ಲ ನೇರವಾಗಿ ಹಲ್ಲುಗಾಲಿಗಳಿಗೆ ತಾಗುತ್ತದೆ. ತುಸು ಹಿಗ್ಗುವ ನೈಲಾನ್ ದಾರವೇ ಹಳೆಯ ರೀಲಿಗೆ ಒಳ್ಳೆಯ ಜೊತೆ. ಉರುಳೆಯ ಅಂಚಿಗೆ ಸುಮಾರು 2 ಮಿಲಿಮೀಟರ್ ಉಳಿಯುವಂತೆ ದಾರ ತುಂಬಬೇಕು. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ. ಹೆಚ್ಚಾದರೆ ಸುರುಳಿಗಳು ಒಮ್ಮೆಲೇ ಜಾರಿ ಸಿಕ್ಕಾಗುತ್ತವೆ.

ಮೂರನೆಯದು ಡ್ರ್ಯಾಗ್ ಹೊಂದಿಸುವುದು. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಬೇಕು. ದಾರ ತಡೆಯುವ ಭಾರದ ಕಾಲು ಭಾಗಕ್ಕೆ ಉರುಳೆ ಜಾರಬೇಕು. 4 ಕಿಲೋ ತಡೆಯುವ ದಾರವಾದರೆ 1 ಕಿಲೋಗೆ ಜಾರಲಿ. ಮೀನು ದಾರ ಎಳೆದೊಯ್ಯುತ್ತಿರುವಾಗ ಹಿಡಿಕೆ ತಿರುಗಿಸಬಾರದು. ಬಳೆ ತಿರುಗುತ್ತದೆ, ದಾರ ಒಳಗೆ ಬರುವುದಿಲ್ಲ. ಪ್ರತಿ ಸುತ್ತೂ ದಾರಕ್ಕೆ ಹುರಿಯಾಗಿ ಸೇರುತ್ತದೆ. ಹಿಡಿಕೆಯ ಹತ್ತು ಸುತ್ತಿಗೆ ದಾರದಲ್ಲಿ ಮೂವತ್ತಕ್ಕೂ ಹೆಚ್ಚು ಹುರಿ ಬೀಳುತ್ತವೆ. ಮನೆಗೆ ಬಂದ ಮೇಲೆ ರೀಲನ್ನು ಒರೆಸಿ, ಡ್ರ್ಯಾಗ್ ಸಡಿಲಿಸಿ ಇಡಬೇಕು.

ಹಳೆಯ ರೀಲಿಗೆ ಮಿತಿಯೂ ಇದೆ. ಕೆರೆಯ ಸಾಧಾರಣ ಗಾತ್ರದ ರೋಹು, ಮೃಗಾಲಗಳಿಗೆ ಅದು ಸಾಕು. ಕಾವೇರಿಯ ಮಹಶೀರಿನಂಥ ದೈತ್ಯ ಮೀನಿಗೆ ಅದು ತಕ್ಕದ್ದಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ಇತ್ತು. ಅದೇ ಕಾವೇರಿ ಸೀಮೆಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ದೊಡ್ಡ ಮೀನುಗಳೂ ಅಕ್ಷಯವಲ್ಲ ಎಂಬುದನ್ನು ಇದು ನೆನಪಿಸುತ್ತದೆ.

ನಮ್ಮ ರಾಜ್ಯದಲ್ಲಿ ಅನೇಕ ಕೆರೆಗಳ ಮೀನುಗಾರಿಕೆಯನ್ನು ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡಲಾಗುತ್ತದೆ. ಅಲ್ಲಿ ಬಿಟ್ಟ ಮೀನುಮರಿ ಹಲವು ಕುಟುಂಬಗಳ ದುಡಿಮೆ. ಆದ್ದರಿಂದ ಕೇಳಿಯೇ ಗಾಳ ಹಾಕಬೇಕು. ಮರಿಗಳು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಮೆಲ್ಲನೆ ಬಿಡಿಸಿ ನೀರಿಗೆ ಬಿಡಬೇಕು. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಎಸೆಯಬಾರದು. ಅದು ಬೇಗ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹಾಗಾದರೆ ಪೆಟ್ಟಿಗೆಯ ತಳದ ರೀಲನ್ನು ಬಳಸಬಹುದೆ? ಬಳಸಬಹುದು. ಅದನ್ನು ಬಿಚ್ಚಿ ನೋಡಿದವನು, ಅದರ ಶಕ್ತಿಯನ್ನೂ ಮಿತಿಯನ್ನೂ ಬಲ್ಲವನು ಬಳಸಬಹುದು. ಅರಿತವರ ಕೈಯಲ್ಲಿ ಹಳೆಯದೂ ಹೊಸದರಂತೆ ದುಡಿಯುತ್ತದೆ; ಅರಿಯದವರ ಕೈಯಲ್ಲಿ ಹೊಸದೂ ಕೆಡುತ್ತದೆ.

ಹೊಸ ಶಬ್ದಗಳು
ಉರುಳೆ – ದಾರ ಸುತ್ತುವ ದುಂಡನೆಯ ಭಾಗ. ಲಾಳಿ – ಮಗ್ಗದಲ್ಲಿ ಹೊಕ್ಕು ನೂಲನ್ನು ಒಯ್ಯುವ ಸಾಧನ. ಕಂಡಿಕೆ – ಲಾಳಿಯೊಳಗಿನ ನೂಲು ಸುತ್ತಿದ ಕೊಳವೆ. ಹುರಿ – ದಾರದ ತಿರುಚು. ದಂಡ ತೆರು – ತಪ್ಪಿಗೆ ಬೆಲೆ ಕೊಡು. ಅಕ್ಷಯ – ಮುಗಿಯದ.

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ‘ಮತ್ಸ್ಯವಿನೋದ’ ಯಾವ ಗ್ರಂಥದ ಭಾಗ?
2. ಇಲ್ಲಿಂಗ್‌ವರ್ತ್ ಅವರು ಯಾವ ವರ್ಷ ಪೇಟೆಂಟ್ ಪಡೆದರು?
3. ಹಳೆಯ ರೀಲಿಗೆ ಯಾವ ದಾರ ಒಳ್ಳೆಯದು?
ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ತಿರುಗುವ ಉರುಳೆಯ ರೀಲಿನಲ್ಲಿ ಯಾವ ತೊಡಕುಗಳಿದ್ದವು?
2. ‘ಯಂತ್ರದ ತಪ್ಪಿಗೆ ದಂಡ ತೆರುವುದು ಮೀನು’ ಎಂದು ಲೇಖಕರು ಏಕೆ ಹೇಳಿದ್ದಾರೆ?
ಇ) ಉಪಕ್ರಮ : ನಿಮ್ಮ ಮನೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸಾಧನವನ್ನು ಕುರಿತು ಹಿರಿಯರಿಂದ ಕೇಳಿ ತಿಳಿಯಿರಿ. ಅದರ ಭಾಗಗಳು, ಅದನ್ನು ಕಾಪಾಡುವ ಕ್ರಮ ಇವುಗಳ ಬಗೆಗೆ ಹತ್ತು ವಾಕ್ಯ ಬರೆಯಿರಿ.