ವಾಂತೂ ಬೆಟ್ಟದ ಎರಡು ದಾರಿ

ಬರಿಯ ನೋಟಕ್ಕಾಗಿ ಬೆಟ್ಟವೇರಿದೆನೆಂದು ಬರೆದಿಟ್ಟವರ ನಡುವೆ ನನಗೆ ಮೊದಲು ನೆನಪಾಗುವವನು ಇಟಲಿಯ ಕವಿ ಪೆಟ್ರಾರ್ಕ್. ದಕ್ಷಿಣ ಫ್ರಾನ್ಸಿನಲ್ಲಿ, ಮೆಡಿಟರೇನಿಯನ್ ಕರಾವಳಿಯಿಂದ ಒಳನಾಡಿಗೆ, 1,900 ಮೀಟರಿಗೂ ಮಿಕ್ಕ ಎತ್ತರದ ವಾಂತೂ ಪರ್ವತವಿದೆ. ಅದನ್ನು ಏರಿದ ದಿನವೆಂದು ಅವನ ಪತ್ರ ಹೇಳುವುದು 1336ರ ಏಪ್ರಿಲ್ 26. ಬುಡದಲ್ಲಿ ಎದುರಾದ ಮುದುಕ ಕುರುಬನೊಬ್ಬ, ಐವತ್ತು ವರ್ಷದ ಹಿಂದೆ ತಾನು ಹತ್ತಿ ಗಳಿಸಿದ್ದು ದಣಿವು ಮತ್ತು ಹರಿದ ಬಟ್ಟೆ ಮಾತ್ರ ಎಂದು ತಡೆದನಂತೆ. ಜೊತೆಗಿದ್ದ ತಮ್ಮ ಗೆರಾರ್ಡೊ ಕಡಿದಾದ ನೇರ ದಾರಿ ಹಿಡಿದ. ಕವಿಯಾದರೋ ಸುಲಭದ ದಾರಿ ಅರಸಿ ಕಣಿವೆಗಳಲ್ಲಿ ಅಲೆದು ಇಮ್ಮಡಿ ದಣಿದ.

ಇಂದು ಅಲ್ಲಿ ಕಾಲ್ನಡಿಗೆಯವರಿಗೆ ಕಾಡಿನ ಜಾಡುಗಳಿವೆ. ಸೈಕಲ್ ಸವಾರರು ಬೆದ್ವಾಂ ಎಂಬ ಊರಿನಿಂದ ಸುಮಾರು 21 ಕಿಲೋಮೀಟರ್ ದಾರಿಯಲ್ಲಿ 1,600 ಮೀಟರಿನಷ್ಟು ಮೇಲೇರುತ್ತಾರೆ. ಸುತ್ತುದಾರಿ ಕಡಿದನ್ನು ತಗ್ಗಿಸುತ್ತದೆ; ಏರಬೇಕಾದ ಎತ್ತರವನ್ನಲ್ಲ. ಪೆಟ್ರಾರ್ಕನ ತಪ್ಪು ಸುತ್ತಿದ್ದಲ್ಲ, ಏರುವ ಬದಲು ಇಳಿದದ್ದು.

ತುದಿಯಲ್ಲಿ ಆಲ್ಪ್ಸ್, ರೋನ್ ನದಿ, ದೂರದ ಕಡಲು ಕಂಡವು. ಆಗ ಸಂತ ಅಗಸ್ಟೀನನ ಪುಸ್ತಕ ತೆರೆದ. ಬೆಟ್ಟ ಕಡಲುಗಳಿಗೆ ಬೆರಗಾಗುವ ಮನುಷ್ಯ ತನ್ನನ್ನೇ ಮರೆಯುತ್ತಾನೆಂಬ ಮಾತು ಕಣ್ಣಿಗೆ ಬಿತ್ತು. ಕೆಳಗಿಳಿಯುವವರೆಗೂ ಅವನು ಮೌನಿ.

ಆ ಪುಸ್ತಕ ಹಿಂದೆಯೇ ಅವನ ಕೈಸೇರಿತ್ತು. ಮಾತು ನಾಟಲು ಬೆಟ್ಟ ಹತ್ತಬೇಕಾಯಿತು. ಕುರುಬನ ಎಚ್ಚರಿಕೆಗೆ ಇದೇ ಉತ್ತರವೆಂದು ನಾನು ತಿಳಿದಿದ್ದೇನೆ.