ಕೈಯಲ್ಲಿ ಹಿಡಿಯುವ ಸಾಗರ ವಯರ್‌ಲೆಸ್ ಸೆಟ್ಟಿನಲ್ಲಿ ಧ್ವನಿ ಸರಿಯಾಗಿ ಕೇಳಿಸದಿದ್ದಾಗ: ದೋಣಿ ಮಾಲೀಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮೀನುಗಾರರು ಸಮುದ್ರದಲ್ಲಿ ಪರಸ್ಪರ ಮಾತನಾಡಲು ಹಾಗೂ ದಡವನ್ನು ಸಂಪರ್ಕಿಸಲು ವಿ.ಎಚ್.ಎಫ್. ವಯರ್‌ಲೆಸ್ ಸೆಟ್ಟುಗಳನ್ನು ಬಳಸುತ್ತಾರೆ. ಇವುಗಳಲ್ಲಿ ಕೈಯಲ್ಲಿ ಹಿಡಿಯುವ, ವಾಡಿಕೆಯಲ್ಲಿ ವಾಕಿಟಾಕಿ ಎನ್ನಲಾಗುವ ಸಣ್ಣ ಸೆಟ್ಟು ನಾಡದೋಣಿಗಳಿಗೂ, ದೊಡ್ಡ ಬೋಟುಗಳಲ್ಲಿ ಎರಡನೆಯ ಸಾಧನವಾಗಿಯೂ ಉಪಯುಕ್ತವಾಗಿದೆ. ‘ಸೆಟ್ಟಿನಲ್ಲಿ ಏನೂ ಕೇಳಿಸುತ್ತಿಲ್ಲ’ ಎಂಬ ಒಂದು ಸಾಲಿನ ದೂರಿನ ಹಿಂದೆ ಹಲವು ಬೇರೆ ಬೇರೆ ಕಾರಣಗಳಿರಬಹುದು. ಅವುಗಳಲ್ಲಿ ಕೆಲವನ್ನು ಯಾವುದೇ ಖರ್ಚಿಲ್ಲದೆ ದೋಣಿಯಲ್ಲಿಯೇ ಸರಿಪಡಿಸಬಹುದು. ಸೆಟ್ಟನ್ನು ದುರಸ್ತಿಗೆ ಕೊಡುವ ಅಥವಾ ಈ ಸಂಬಂಧ ಅರ್ಜಿ ಸಲ್ಲಿಸುವ ಮೊದಲು ಕೆಳಕಂಡ ಅಂಶಗಳನ್ನು ಪರಿಶೀಲಿಸಲು ಕೋರಲಾಗಿದೆ.

ಎಂಜಿನ್ ಕೆಟ್ಟರೆ ದೋಣಿ ನಿಲ್ಲುತ್ತದೆ, ಆದ್ದರಿಂದ ಅದು ತಕ್ಷಣ ಗೊತ್ತಾಗುತ್ತದೆ. ವಯರ್‌ಲೆಸ್ ಹಾಗಲ್ಲ. ಯಾರೂ ಮಾತನಾಡದಿರುವಾಗ ಸರಿಯಿರುವ ಸೆಟ್ಟೂ ಮೌನವಾಗಿರುತ್ತದೆ, ಕೆಟ್ಟ ಸೆಟ್ಟೂ ಮೌನವಾಗಿರುತ್ತದೆ. ಆದ್ದರಿಂದ ಮೌನವಾಗಿರುವ ಸೆಟ್ಟು ಸುಸ್ಥಿತಿಯಲ್ಲಿದೆಯೆಂದು ಭಾವಿಸತಕ್ಕದ್ದಲ್ಲ.

1. ದೋಷ ಯಾವ ಕಡೆಯದೆಂದು ತಿಳಿಯುವುದು

ಎರಡು ಸೆಟ್ಟುಗಳನ್ನು ಒಂದೇ ಸ್ಥಳದಲ್ಲಿ, ಒಂದೇ ಚಾನೆಲ್‌ನಲ್ಲಿ ಇರಿಸಿ, ಸ್ವಲ್ಪ ದೂರದ ಮೂರನೆಯ ಸೆಟ್ಟಿನಿಂದ ಮಾತನಾಡಿಸಬೇಕು. ಒಂದರಲ್ಲಿ ಕೇಳಿಸಿ ಇನ್ನೊಂದರಲ್ಲಿ ಕೇಳಿಸದಿದ್ದರೆ ದೋಷವು ಆ ಸೆಟ್ಟಿನದು ಅಥವಾ ಅದರ ಹೊಂದಾಣಿಕೆಯದು. ಎರಡರಲ್ಲಿಯೂ ಕೇಳಿಸದಿದ್ದರೆ ದೂರ, ಅಡೆತಡೆ ಅಥವಾ ಮಾತನಾಡುವವರ ಸೆಟ್ಟು ಕಾರಣವಾಗಿರಬಹುದು. ಸೆಟ್ಟುಗಳನ್ನು ತೀರ ಹತ್ತಿರದಲ್ಲಿಟ್ಟು ಪರೀಕ್ಷಿಸಿದರೆ ಕಿರುಚು ಧ್ವನಿ ಬರುವುದು ಸಹಜ, ಅದು ದೋಷವಲ್ಲ.

ಒಂದು ವ್ಯಾಟ್ ಮತ್ತು ಐದು ವ್ಯಾಟ್ ಎಂಬ ಶಕ್ತಿಯ ಆಯ್ಕೆಯು ನಾವು ಮಾತನಾಡುವುದಕ್ಕೆ ಮಾತ್ರ ಸಂಬಂಧಿಸಿದ್ದು. ಇತರರ ಮಾತು ನಮಗೆ ಕೇಳಿಸುವುದರ ಮೇಲೆ ಅದರಿಂದ ಯಾವ ಪರಿಣಾಮವೂ ಆಗುವುದಿಲ್ಲ.

2. ಹೊಂದಾಣಿಕೆಯ ಲೋಪಗಳು

(ಅ) ಸ್ಕ್ವೆಲ್ಚ್: ಮಾತಿಲ್ಲದಾಗ ಬರುವ ‘ಸುಯ್’ ಎಂಬ ಸದ್ದನ್ನು ತಡೆಯುವ ವ್ಯವಸ್ಥೆಯೇ ಸ್ಕ್ವೆಲ್ಚ್. ಸದ್ದಿನ ಕಿರಿಕಿರಿ ಬೇಡವೆಂದು ಇದನ್ನು ಹೆಚ್ಚು ಏರಿಸಿದರೆ ದೂರದಿಂದ ಬರುವ ಕ್ಷೀಣ ಧ್ವನಿಯೂ ಅದರೊಂದಿಗೆ ನಿಂತುಹೋಗುತ್ತದೆ. ಮೊದಲು ಸದ್ದು ಕೇಳಿಸುವವರೆಗೆ ಇಳಿಸಿ, ನಂತರ ಅದು ನಿಲ್ಲುವಷ್ಟು ಮಾತ್ರ ಏರಿಸುವುದು ಸರಿಯಾದ ಕ್ರಮ. ಪೂರ್ಣ ಇಳಿಸಿದಾಗಲೂ ಸದ್ದು ಬಾರದಿದ್ದರೆ ಧ್ವನಿಮಟ್ಟ, ಸ್ಪೀಕರ್ ಅಥವಾ ಸೆಟ್ಟಿನ ಒಳಭಾಗವನ್ನು ಶಂಕಿಸಬೇಕು.

(ಆ) ಚಾನೆಲ್: ಅಪಾಯದ ಕರೆ ಹಾಗೂ ಪ್ರಾಥಮಿಕ ಸಂಪರ್ಕಕ್ಕಾಗಿ 16ನೆಯ ಚಾನೆಲ್ (156.8 ಮೆಗಾಹರ್ಟ್ಸ್) ನಿಗದಿಯಾಗಿದೆ. ಸೆಟ್ಟು ಬೇರೆ ಚಾನೆಲ್‌ನಲ್ಲಿದ್ದರೆ ಈ ಕರೆಗಳು ಕೇಳಿಸುವುದಿಲ್ಲ. ಡ್ಯುಯಲ್ ವಾಚ್ ಸೌಲಭ್ಯವಿದ್ದಲ್ಲಿ ಇತರ ಚಾನೆಲ್‌ನೊಂದಿಗೆ 16ನೆಯದನ್ನೂ ಗಮನಿಸಬಹುದು.

(ಇ) ದೇಶದ ಆಯ್ಕೆ: ಕೆಲವು ಸೆಟ್ಟುಗಳಲ್ಲಿ ಅಮೆರಿಕ, ಕೆನಡಾ ಮತ್ತು ಇಂಟರ್‌ನ್ಯಾಷನಲ್ ಎಂಬ ಮೂರು ಆಯ್ಕೆಗಳಿರುತ್ತವೆ. ನಮ್ಮಲ್ಲಿ ಇಂಟರ್‌ನ್ಯಾಷನಲ್ ಆಯ್ಕೆಯಲ್ಲಿರಬೇಕು. ತಪ್ಪು ಆಯ್ಕೆಯಿದ್ದರೆ 16ನೆಯ ಚಾನೆಲ್ ಸರಿಯಾಗಿಯೇ ಕೇಳಿಸುತ್ತದೆ. ಆದರೆ ಕೆಲವು ಚಾನೆಲ್‌ಗಳಲ್ಲಿ ದಡದ ಉತ್ತರ ಕೇಳಿಸದೆ ಗೊಂದಲವಾಗುತ್ತದೆ. ಇಂತಹ ಸೆಟ್ಟುಗಳಲ್ಲಿರುವ ಹವಾಮಾನ ಚಾನೆಲ್‌ಗಳು ಅಮೆರಿಕ ಮತ್ತು ಕೆನಡಾದ ಸೇವೆಗೆ ಸೇರಿದವು. ಇಲ್ಲಿ ಅವು ಮೌನವಾಗಿರುವುದು ದೋಷವಲ್ಲ.

(ಈ) ಮಾತಿನ ಗುಂಡಿ: ಗುಂಡಿ ಒತ್ತಿರುವಷ್ಟು ಹೊತ್ತು ಸೆಟ್ಟಿಗೆ ಏನೂ ಕೇಳಿಸುವುದಿಲ್ಲ. ಉಪ್ಪಿನಿಂದಲೋ, ಬಲೆ ಹಗ್ಗಗಳ ನಡುವೆ ಸಿಕ್ಕಿಯೋ ಗುಂಡಿ ಒತ್ತಿಕೊಂಡೇ ಉಳಿದರೆ ಆ ಸೆಟ್ಟು ಕಿವುಡಾಗುವುದಲ್ಲದೆ, ಸುತ್ತಲಿನ ಎಲ್ಲ ದೋಣಿಗಳಿಗೂ ಆ ಚಾನೆಲ್ ಬಳಸಲಾಗದಂತೆ ಆಗುತ್ತದೆ.

3. ದೂರ ಮತ್ತು ಎತ್ತರ

ವಿ.ಎಚ್.ಎಫ್. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಭೂಮಿಯ ದುಂಡುತನವೇ ಅವುಗಳ ಎಲ್ಲೆಯಾಗಿದೆ. ಆಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಆ ಆಂಟೆನಾದ ವ್ಯಾಪ್ತಿಯು ಕಿಲೋಮೀಟರ್‌ಗಳಲ್ಲಿ ಅಂದಾಜಾಗಿ ದೊರೆಯುತ್ತದೆ. ಎರಡೂ ಕಡೆಯ ವ್ಯಾಪ್ತಿಗಳನ್ನು ಕೂಡಿಸಬೇಕು. ಉದಾಹರಣೆಗೆ:

- ಎರಡೂ ಸೆಟ್ಟುಗಳು ನೀರಿನಿಂದ 2 ಮೀ. ಎತ್ತರದಲ್ಲಿದ್ದರೆ: ಸುಮಾರು 11 ರಿಂದ 12 ಕಿ.ಮೀ.
- ಒಂದು 2 ಮೀ., ಇನ್ನೊಂದು 6 ಮೀ. ಎತ್ತರದಲ್ಲಿದ್ದರೆ: ಸುಮಾರು 16 ಕಿ.ಮೀ.
- ಒಂದು 2 ಮೀ., ದಡದ ಆಂಟೆನಾ 25 ಮೀ. ಎತ್ತರದಲ್ಲಿದ್ದರೆ: ಸುಮಾರು 26 ಕಿ.ಮೀ.

ಇವು ಅಡ್ಡಿಯಿಲ್ಲದ ಸಮುದ್ರಕ್ಕೆ ಅನ್ವಯಿಸುವ ಅಂದಾಜುಗಳು. ಸಣ್ಣ ಸೆಟ್ಟಿನಲ್ಲಿ ವಾಸ್ತವವಾಗಿ ದೊರೆಯುವ ದೂರ ಇದಕ್ಕಿಂತ ಕಡಿಮೆಯಿರಬಹುದು. ಕಾರವಾರದ ಸುತ್ತಮುತ್ತ ಗುಡ್ಡಗಳೂ ದ್ವೀಪಗಳೂ ನಡುವೆ ಬರುವುದರಿಂದ, ಹತ್ತಿರದ ದೋಣಿಯೂ ಕೇಳಿಸದಿರಬಹುದು. ಉಕ್ಕಿನ ಬೋಟಿನ ಕ್ಯಾಬಿನ್ ಒಳಗೆ ಅಲೆಗಳು ಕ್ಷೀಣಿಸುತ್ತವೆ. ಇಂತಹ ಸಂದರ್ಭದಲ್ಲಿ ಸುರಕ್ಷಿತವಾಗಿ ಹೊರಬಂದು, ಎತ್ತರದ ಸ್ಥಳದಲ್ಲಿ ನಿಂತು, ಸೆಟ್ಟನ್ನು ಸೊಂಟದಿಂದ ತೆಗೆದು ಮುಖದ ಮಟ್ಟದಲ್ಲಿ ಆಂಟೆನಾ ನೆಟ್ಟಗಿರುವಂತೆ ಹಿಡಿದು ಆಲಿಸಬೇಕು. ಆಂಟೆನಾ ಓರೆಯಾದಷ್ಟೂ ಧ್ವನಿ ಕುಗ್ಗುತ್ತದೆ.

4. ಉಪ್ಪು, ನೀರು ಮತ್ತು ಬ್ಯಾಟರಿ

ಧ್ವನಿ ಮಂಕಾಗಿ ಕೇಳಿಸಿದರೆ ಸ್ಪೀಕರ್ ಜಾಲರಿಯಲ್ಲಿ ನೀರು ನಿಂತಿರಬಹುದು. ಸೆಟ್ಟನ್ನು ಕೆಳಮುಖವಾಗಿ ಹಿಡಿದು ಕೊಡವಬೇಕು. ಧ್ವನಿ ಬಿಟ್ಟು ಬಿಟ್ಟು ಬಂದರೆ ಆಂಟೆನಾ ಸಡಿಲವಾಗಿದೆಯೇ, ಬ್ಯಾಟರಿಯ ಲೋಹದ ತುದಿಗಳಲ್ಲಿ ಹಸಿರು ಅಥವಾ ಬಿಳಿ ಪದರವಿದೆಯೇ ಎಂದು ನೋಡಿ, ಸೆಟ್ಟನ್ನು ಆರಿಸಿ, ಒಣ ಬಟ್ಟೆಯಿಂದ ಒರೆಸಬೇಕು. ಜಲನಿರೋಧಕವೆಂದು ತಯಾರಕರು ನಮೂದಿಸಿರುವ ಸೆಟ್ಟನ್ನು ಮಾತ್ರ ಪ್ರತಿ ಪ್ರಯಾಣದ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಬಹುದು. ಆಂಟೆನಾ ಇಲ್ಲದೆ ಎಂದಿಗೂ ಮಾತಿನ ಗುಂಡಿ ಒತ್ತಬಾರದು.

ಬ್ಯಾಟರಿ ಕುಗ್ಗಿದಾಗ ಮಾತು ಕೇಳಿಸುತ್ತಿದ್ದು, ನಾವು ಮಾತನಾಡಲು ಹೋದಾಗ ಸೆಟ್ಟು ಆರಿಹೋಗಬಹುದು. ಹೀಗಾಗಿ ಕೇಳಿಸುತ್ತಿದೆ ಎಂಬುದೊಂದೇ ಬ್ಯಾಟರಿ ಸರಿಯಿರುವುದಕ್ಕೆ ಸಾಕ್ಷಿಯಲ್ಲ. ರಾಜ್ಯದಲ್ಲಿ ಜೂನ್ 1 ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ಮುಗಿದು ದೋಣಿ ಇಳಿಸುವ ಮುನ್ನ ಬ್ಯಾಟರಿಯನ್ನು ಕಡ್ಡಾಯವಾಗಿ ಪರೀಕ್ಷಿಸುವುದು ಒಳಿತು.

5. ದೋಣಿಯ ಇತರ ಉಪಕರಣಗಳಿಂದ ಅಡ್ಡಿ

ಎಲ್.ಇ.ಡಿ. ದೀಪಗಳು, ಇನ್ವರ್ಟರ್, ಚಾರ್ಜರ್ ಹಾಗೂ ಮೀನು ಪತ್ತೆ ಯಂತ್ರಗಳು ವಿದ್ಯುತ್ ಗದ್ದಲವನ್ನು ಉಂಟುಮಾಡಬಹುದು. ಎಲ್.ಇ.ಡಿ. ದೀಪಗಳಿಂದ ವಯರ್‌ಲೆಸ್‌ಗೆ ಆಗುವ ಅಡ್ಡಿಯ ಬಗ್ಗೆ ಅಮೆರಿಕದ ಕರಾವಳಿ ರಕ್ಷಣಾ ಪಡೆಯು 2018ರಲ್ಲಿ ಎಚ್ಚರಿಕೆ ನೀಡಿತ್ತು. ಬಂದರಿನಲ್ಲಿ ಸ್ಕ್ವೆಲ್ಚ್ ಇಳಿಸಿ, ಒಂದೊಂದೇ ಉಪಕರಣವನ್ನು ಆರಿಸುತ್ತಾ ಹೋದರೆ ಯಾವುದು ಕಾರಣವೆಂದು ತಿಳಿಯುತ್ತದೆ. ಅದರಿಂದ ಸೆಟ್ಟನ್ನು ದೂರವಿಡಬೇಕು ಅಥವಾ ಆ ಉಪಕರಣವನ್ನು ಬದಲಿಸಬೇಕು.

6. ಬೆಂಗಳೂರಿನಲ್ಲಿ ಖರೀದಿಸುವವರಿಗೆ ಸೂಚನೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮುಂತಾದೆಡೆ ನೆಲೆಸಿರುವವರು ಊರಿನ ಬಂಧುಗಳಿಗಾಗಿ ಸೆಟ್ಟು ಕೊಂಡಲ್ಲಿ, ಮನೆಯಲ್ಲಿ 16ನೆಯ ಚಾನೆಲ್ ಹಾಕಿ ಏನೂ ಕೇಳಿಸಲಿಲ್ಲವೆಂದು ಅದನ್ನು ಹಿಂದಿರುಗಿಸುವ ಅಗತ್ಯವಿಲ್ಲ. ಘಟ್ಟದಾಚೆಯ ಸಮುದ್ರದ ಮಾತು ಬೆಂಗಳೂರಿಗೆ ತಲುಪುವುದಿಲ್ಲ. ಸ್ಕ್ವೆಲ್ಚ್ ಇಳಿಸಿದಾಗ ಸದ್ದು ಬರುವುದೇ ಎಂಬುದನ್ನಷ್ಟೇ ಇಲ್ಲಿ ನೋಡಬಹುದು. ಸಾಗರ ಚಾನೆಲ್‌ಗಳನ್ನು ನಗರದಲ್ಲಿ ಮಾತುಕತೆಗೆ ಬಳಸುವಂತಿಲ್ಲ. ವಯರ್‌ಲೆಸ್ ಪರವಾನಗಿಯು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಗೆ ಸಂಬಂಧಿಸಿದ ವಿಷಯವಾಗಿದ್ದು, ಖರೀದಿಗೆ ಮುನ್ನವೇ ವಿಚಾರಿಸತಕ್ಕದ್ದು.

7. ದೂರು ಅಥವಾ ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

ಸೆಟ್ಟಿನ ಮಾದರಿ ಮತ್ತು ಕ್ರಮಸಂಖ್ಯೆ, ದೋಣಿಯ ನೋಂದಣಿ ಸಂಖ್ಯೆ, ತೊಂದರೆಯಾದ ದಿನಾಂಕ ಮತ್ತು ಸ್ಥಳ, ಚಾನೆಲ್, ಇನ್ನೊಂದು ಸೆಟ್ಟಿನಲ್ಲಿ ಕೇಳಿಸಿತೇ ಇಲ್ಲವೇ, ಹಾಗೂ ಮೇಲ್ಕಂಡ ಯಾವ ಪರಿಶೀಲನೆಗಳನ್ನು ಮಾಡಲಾಗಿದೆ ಎಂಬುದನ್ನು ಬರೆಯುವುದು. ಈ ವಿವರಗಳಿದ್ದಲ್ಲಿ ದುರಸ್ತಿ ಮಾಡುವವರಿಗೆ ಕೆಲಸ ಸುಲಭವಾಗುತ್ತದೆ.

8. ಸಣ್ಣ ಸೆಟ್ಟಿನ ಮಿತಿ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು 15ರ ರಾತ್ರಿಯ ನಂತರ ಸಂಪರ್ಕಕ್ಕೆ ದೊರೆಯಲಿಲ್ಲ. ಅದರ ಅವಶೇಷಗಳು 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರದಲ್ಲಿ ಪತ್ತೆಯಾದವು. ಆ ದುರಂತದ ಕಾರಣವನ್ನು ಚರ್ಚಿಸುವುದು ಇಲ್ಲಿ ಉದ್ದೇಶವಲ್ಲ. ಸಂಪರ್ಕ ಕಡಿದ ಮೇಲೆ ದಡದಲ್ಲಿರುವ ಕುಟುಂಬಗಳು ಎಷ್ಟು ಕಾಲ ಕಾಯಬೇಕಾಗುತ್ತದೆ ಎಂಬುದನ್ನು ಕರಾವಳಿಯ ಜನ ಮರೆತಿಲ್ಲ. ಕೈಯಲ್ಲಿ ಹಿಡಿಯುವ ಸೆಟ್ಟು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಆಳಸಮುದ್ರದಿಂದ ದಡವನ್ನು ತಲುಪಲಾರದು. ಆದ್ದರಿಂದ ಆಳಸಮುದ್ರಕ್ಕೆ ತೆರಳುವವರು ಇದೊಂದನ್ನೇ ನಂಬದೆ, ಬೋಟಿಗೆ ಅಳವಡಿಸುವ 25 ವ್ಯಾಟ್ ಸೆಟ್ಟು ಹಾಗೂ ಉಪಗ್ರಹ ಆಧಾರಿತ ಸಾಧನಗಳನ್ನೂ ಹೊಂದಿರಬೇಕು.

ಅಪಾಯದ ಸಮಯದಲ್ಲಿ 16ನೆಯ ಚಾನೆಲ್‌ನಲ್ಲಿ, ಪೂರ್ಣ ಶಕ್ತಿಯಲ್ಲಿ, ‘ಮೇಡೇ’ ಎಂದು ಮೂರು ಬಾರಿ ಹೇಳಿ, ದೋಣಿಯ ಹೆಸರು, ಇರುವ ಸ್ಥಳ, ಅಪಾಯದ ಸ್ವರೂಪ ಮತ್ತು ಜನರ ಸಂಖ್ಯೆಯನ್ನು ತಿಳಿಸಿ, ಗುಂಡಿಯನ್ನು ಬಿಟ್ಟು ಆಲಿಸಬೇಕು. ಮೊಬೈಲ್ ಸಂಪರ್ಕವಿದ್ದಲ್ಲಿ ಕರಾವಳಿ ರಕ್ಷಣಾ ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆ ಮಾಡಬಹುದು.

ಈ ಪರಿಶೀಲನೆಗಳನ್ನು ತಾಂಡೇಲರು ಮಾತ್ರವಲ್ಲದೆ ದೋಣಿಯಲ್ಲಿರುವ ಪ್ರತಿಯೊಬ್ಬರೂ ಕಲಿತಿರಬೇಕು. ನೀರಿಗೆ ಬಿದ್ದವರು ತಾಂಡೇಲರೇ ಆಗಿದ್ದಲ್ಲಿ ಸೆಟ್ಟನ್ನು ಬೇರೆಯವರೇ ಕೈಗೆತ್ತಿಕೊಳ್ಳಬೇಕಾಗುತ್ತದೆ.