ಬುರುಡೆ ತೆರೆಯದ ಕತ್ತಿ

1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆಂಗಳೂರಿನ ಇಬ್ಬರು ವೈದ್ಯರ ಲೇಖನವೊಂದು ಬಂತು. ಒಬ್ಬರು ಮಾನಸಿಕ ಆಸ್ಪತ್ರೆಯ ಡಾ. ಎಂ. ವಿ. ಗೋವಿಂದಸ್ವಾಮಿ, ಇನ್ನೊಬ್ಬರು ಶಸ್ತ್ರವೈದ್ಯ ಡಾ. ಬಿ. ಎನ್. ಬಾಲಕೃಷ್ಣ ರಾವ್. ಮನಸ್ಸಿನ ಕಾಯಿಲೆಗೆಂದು ಭಾರತೀಯ ರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಎರಡೂ ಬದಿಯಲ್ಲಿ ಕತ್ತರಿಸಿ ಕಂಡದ್ದನ್ನು ಅವರು ಬರೆದಿದ್ದರು. ಆ ಆಸ್ಪತ್ರೆಯೇ ಬೆಳೆದು ನಿಮ್ಹಾನ್ಸ್ ಆಯಿತು. ಮಂಗಳೂರಲ್ಲಿ ಮುಗಿಯದ ಕಾಯಿಲೆಯ ಫೈಲು ಹಿಡಿದು ನಮ್ಮ ಕಾಸರಗೋಡಿನವರು ರಾತ್ರಿ ಬಸ್ಸು ಹತ್ತುವುದು ಅಲ್ಲಿಗೇ.

ಇಂದು ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆಗ ಖಿನ್ನತೆಗೆಂದೇ ಒಂದು ಮಾತ್ರೆ ಇರಲಿಲ್ಲ. ಇಮಿಪ್ರಮೀನ್ ಎಂಬ ಔಷಧ ಅದಕ್ಕೆ ಆಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ವರದಿ ಮಾಡಿದ್ದು 1957ರಲ್ಲಿ. ರೋಮಿನಲ್ಲಿ 1938ರಲ್ಲಿ ಶುರುವಾದ ಕರೆಂಟ್ ಚಿಕಿತ್ಸೆ ಇನ್ನೂ ಹೊಸತು. ಲಿಸ್ಬನ್ನಿನ ಎಗಾಸ್ ಮೊನಿಜ್ 1935ರಲ್ಲಿ ಆರಂಭಿಸಿದ ಈ ಮಿದುಳು ಕೊಯ್ಯುವ ಕ್ರಮಕ್ಕೆ 1949ರಲ್ಲಿ ನೊಬೆಲ್ ಕೂಡ ಬಂತು. ಗೋಳಾಡುತ್ತಿದ್ದವರಲ್ಲಿ ಕೆಲವರು ಶಾಂತರಾದರು. ಕೆಲವರು ನಗುವುದನ್ನೂ ಅಳುವುದನ್ನೂ ಮರೆತು ಕುಳಿತರು.

ಸ್ಟಾಕ್‌ಹೋಮಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್‌ಗೆ ಕೊಯ್ಯುವ ಈ ಒರಟುತನ ಹಿಡಿಸಲಿಲ್ಲ. ಮೊದಲು ತಲೆಗೆ ಬಿಗಿಯುವ ಒಂದು ಲೋಹದ ಚೌಕಟ್ಟು ಮಾಡಿದರು. ಅದರ ಅಳತೆಪಟ್ಟಿಯಿಂದ ಮಿದುಳಿನೊಳಗಿನ ಯಾವ ಬಿಂದುವನ್ನೂ ಲೆಕ್ಕ ಹಾಕಿ ಮುಟ್ಟಬಹುದು. ಮುಂದಿನ ಯೋಚನೆ ಇನ್ನೂ ಧೈರ್ಯದ್ದು: ಸೂಜಿಯ ಬದಲು ಕಿರಣವನ್ನೇ ಕಳಿಸಿದರೆ? 1951ರಲ್ಲಿ ಅದಕ್ಕೆ ‘ರೇಡಿಯೋಸರ್ಜರಿ’ ಎಂದು ಹೆಸರಿಟ್ಟು, ಎಕ್ಸ್‌ರೇ ಕೊಳವೆಯೊಂದನ್ನು ಚೌಕಟ್ಟಿಗೆ ಜೋಡಿಸಿದರು. ಆಮೇಲೆ ಉಪ್ಸಾಲಾದ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜತೆ ಪ್ರೋಟಾನ್ ಕಿರಣಗಳನ್ನು ಪರೀಕ್ಷಿಸಿದರು. ಅಷ್ಟು ದೊಡ್ಡ ಯಂತ್ರ ಆಸ್ಪತ್ರೆಯೊಳಗೆ ಹಿಡಿಸುವಂಥದ್ದಲ್ಲ. ಕೊನೆಗೆ ಕೋಬಾಲ್ಟ್-60ಕ್ಕೆ ಬಂದು ನಿಂತರು.

1967ರಲ್ಲಿ ಸಿದ್ಧವಾದ ಮೊದಲ ‘ಗಾಮಾ ನೈಫ್’ನಲ್ಲಿ 179 ಕೋಬಾಲ್ಟ್ ಆಕರಗಳಿದ್ದವು. ಒಂದೊಂದರ ಕಿರಣವೂ ದುರ್ಬಲ. ದಾರಿಯಲ್ಲಿ ಚರ್ಮವನ್ನಾಗಲಿ ಮಿದುಳನ್ನಾಗಲಿ ಸುಡುವಷ್ಟು ಶಕ್ತಿ ಅದಕ್ಕಿಲ್ಲ. ಎಲ್ಲವೂ ಕೂಡುವ ಒಂದು ಬಿಂದುವಿನಲ್ಲಿ ಮಾತ್ರ ಅಂಗಾಂಶ ಸಾಯುತ್ತದೆ, ಅದೂ ತಿಂಗಳುಗಟ್ಟಲೆ ತೆಗೆದುಕೊಂಡು. ಕಿರಣ ಹೊರಡುವ ಕಂಡಿಗಳನ್ನು ಸೀಳಿನ ಆಕಾರದಲ್ಲಿ ಕೊರೆದಿದ್ದರು. ಗಡ್ಡೆ ಸುಡುವುದಕ್ಕಲ್ಲ, ನರತಂತುಗಳ ದಾರಿ ಕಡಿಯುವುದಕ್ಕೆ. ಅಂದರೆ ತಡೆಯಲಾರದ ನೋವು, ನಡುಕ, ಮಾನಸಿಕ ಕಾಯಿಲೆ, ಇವುಗಳ ಚಿಕಿತ್ಸೆಯೇ ಆ ಯಂತ್ರದ ಮೂಲ ಉದ್ದೇಶ. ಮನಸ್ಸಿನ ಕಾಯಿಲೆಗೆ ಲೆಕ್ಸೆಲ್ ಆರಿಸಿಕೊಂಡದ್ದು ಮಿದುಳಿನ ಆಳದ ಥಲಾಮಸ್ಸಿಗೂ ಹಣೆಯ ಹಿಂದಿನ ಮಿದುಳಿಗೂ ನಡುವೆ ಓಡುವ ತಂತುಗಳ ಕಟ್ಟನ್ನು.

ಆದರೆ 1968ರಲ್ಲಿ ಮಲಗಿದ ಮೊದಲ ರೋಗಿಗೇ ಇದ್ದದ್ದು ಗಡ್ಡೆ! ಕಂಡಿಗಳ ಆಕಾರ ಬದಲಾಯಿತು, ಯಂತ್ರ ಗಡ್ಡೆಗಳಿಗೂ ರಕ್ತನಾಳಗಳ ಗೋಜಲಿಗೂ ಹೋಯಿತು, ಹೆಸರೂ ಅಲ್ಲೇ ಗಳಿಸಿತು. ಗಡ್ಡೆ ಸ್ಕ್ಯಾನಿನಲ್ಲಿ ಕಾಣುತ್ತದೆ. ದುಃಖ ಎಲ್ಲಿ ಕೂತಿದೆ ಎಂದು ಯಾವ ಸ್ಕ್ಯಾನ್ ತೋರಿಸೀತು?

ಖಿನ್ನತೆಗೆ ವಿಕಿರಣವನ್ನು ನಿಜವಾಗಿ ಹೆಚ್ಚು ಬಳಸಿದ್ದು ಲಂಡನ್ನಿನ ನರಶಸ್ತ್ರವೈದ್ಯ ಜೆಫ್ರಿ ನೈಟ್. ಅವರದ್ದು ಕಿರಣ ಹಾಯಿಸುವ ಕ್ರಮವಲ್ಲ. ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಹಣೆಯ ಹಿಂದೆ ಆಳದಲ್ಲಿ ಯಿಟ್ರಿಯಮ್-90ರ ಪುಟ್ಟ ಕಡ್ಡಿಗಳನ್ನು ಇಟ್ಟುಬಿಡುವುದು. 64 ಗಂಟೆಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ, ಕಿರಣ ಕೆಲವೇ ಮಿಲಿಮೀಟರ್ ದೂರ ಹೋಗುತ್ತದೆ. ಕೆಲಸ ಮುಗಿಸಿ ತಾನೇ ಆರುತ್ತದೆ. 1960ರ ದಶಕದಿಂದ ಸಾವಿರಕ್ಕೂ ಹೆಚ್ಚು ಮಂದಿಗೆ ಇದು ನಡೆಯಿತು. ಹಲವರು ಚೇತರಿಸಿಕೊಂಡರು ಎಂದು ವರದಿಗಳಿವೆ, ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ನನಗೆ ತೊಡಕು ಕಾಣುವುದು ಇಲ್ಲೇ. ಖಿನ್ನತೆ ತಾನಾಗಿಯೂ ಏರಿ ಇಳಿಯುವ ಕಾಯಿಲೆ.

ಅಂಥ ಹೋಲಿಕೆ ನಡೆದದ್ದು ಬಹಳ ತಡವಾಗಿ, ಬ್ರೆಜಿಲಿನ ಸಾವೊ ಪೌಲೊದಲ್ಲಿ, ಅದೂ ಖಿನ್ನತೆಯ ನೆರೆಯ ಕಾಯಿಲೆಯಾದ ಗೀಳಿನ ಮೇಲೆ. 16 ಮಂದಿಯನ್ನೂ ಚೌಕಟ್ಟು ಬಿಗಿದು ಗಾಮಾ ನೈಫ್ ಯಂತ್ರದಲ್ಲಿ ಮಲಗಿಸಿದರು; ಅರ್ಧ ಮಂದಿಗೆ ಮಾತ್ರ ಕಿರಣ ಬಿಟ್ಟರು. ಯಾರಿಗೆ ಎಂದು ರೋಗಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. 2014ರಲ್ಲಿ ಪ್ರಕಟವಾದ ಆ ವರದಿಯನ್ನೇ ಲೆಕ್ಕದ ತಪ್ಪಿಗಾಗಿ ಹಿಂತೆಗೆದು, ತಿದ್ದಿ ಮತ್ತೆ ಅಚ್ಚು ಹಾಕಬೇಕಾಯಿತು. ಖಿನ್ನತೆಗೆ ಗಾಮಾ ನೈಫ್ ಬಳಸಿದ ಅಧ್ಯಯನಗಳಂತೂ ಬೆರಳೆಣಿಕೆಯ ರೋಗಿಗಳವು.

ಗಾಮಾ ನೈಫ್ ಇಂದು ನಿಮ್ಹಾನ್ಸ್‌ನಲ್ಲೂ ಇದೆ. “ಬುರುಡೆ ತೆರೆಯದೆ ಮಾಡುವ ಆಪರೇಷನ್ ಉಂಟಂತಲ್ಲ, ಮಾಡಿಸಿದರೆ ಹೇಗೆ?” ಎಂದು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಯಾರಾದರೂ ಕೇಳಿದರೆ, ಮೊದಲು ಕೇಳಬೇಕಾದ್ದು ಮಾತ್ರೆಯ ವಿಷಯ. ಕನಿಷ್ಠ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ವಾರಗಟ್ಟಲೆ ಕೊಟ್ಟರೂ ಬಗ್ಗದಿದ್ದರಷ್ಟೇ ಅದನ್ನು ಹಠಮಾರಿ ಖಿನ್ನತೆ ಎನ್ನುವುದು. ಹತ್ತು ದಿನಕ್ಕೆ ಬೇಸತ್ತು ಬಿಟ್ಟ ಮಾತ್ರೆ ಲೆಕ್ಕಕ್ಕಿಲ್ಲ. ಆಮೇಲೂ ಅರಿವಳಿಕೆ ಕೊಟ್ಟು ಮಾಡುವ ಕರೆಂಟ್ ಚಿಕಿತ್ಸೆ ಬಾಕಿಯಿರುತ್ತದೆ. ಸಿನಿಮಾಗಳು ಅದಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ.

ಅದೆಲ್ಲ ದಾಟಿ ಶಸ್ತ್ರಚಿಕಿತ್ಸೆಯ ಮಾತು ಬಂದರೆ 2017ರ ಮಾನಸಿಕ ಆರೋಗ್ಯ ಕಾಯಿದೆಯ 96ನೇ ಕಲಮು ಎದುರಾಗುತ್ತದೆ. ವಿಷಯವನ್ನು ಪೂರ್ತಿ ತಿಳಿದುಕೊಂಡು ರೋಗಿಯೇ ಒಪ್ಪಬೇಕು, ಅದರ ಮೇಲೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಅಪ್ಪನ ಸಹಿ, ಗಂಡನ ಸಹಿ ಅಲ್ಲಿ ನಡೆಯುವುದಿಲ್ಲ.